ತಿದ್ದುವ ಬೆರಳಿನ ವ್ಯಾಕರಣ

ನಮ್ಮ ವಿಮರ್ಶೆ ಬರೆದದ್ದನ್ನು ಕುರಿತು ಬಹಳ ಮಾತಾಡಿದೆ, ಬರೆಯುವ ಸಾಧನವನ್ನು ಕುರಿತು ಆಡಿದ್ದು ಕಡಿಮೆ. ಓಲೆಗರಿಯ ಕಾಲದ ಮಟ್ಟಿಗೆ ಈ ಮಾತು ಪೂರ್ತಿ ನಿಜವಲ್ಲ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಿಗೆ ಲಿಪಿಕಾರನ ಕಣ್ಣು ಎಲ್ಲಿ ಜಾರುತ್ತದೆ, ಕೈ ಎಲ್ಲಿ ತಪ್ಪುತ್ತದೆ ಎಂಬ ವಿಚಾರ ಪಾಠನಿರ್ಣಯದ ಭಾಗವೇ ಎಂದು ಗೊತ್ತು. ಆದರೆ ಕಂಪ್ಯೂಟರಿನ ಮುಂದೆ ಕುಳಿತ ಇಂದಿನ ಲಿಪಿಕಾರನ ಕೈಯಲ್ಲಿರುವ ಸಾಧನಕ್ಕೂ ಒಂದು ಧೋರಣೆ ಇದೆ, ಬರವಣಿಗೆ ಎಂದರೇನು ಎಂಬುದರ ಬಗೆಗೆ ಅದಕ್ಕೊಂದು ನಿಲುವು ಇದೆ ಎಂದು ನಾವು ಯೋಚಿಸುವುದಿಲ್ಲ. ಅದನ್ನು ಯಂತ್ರದವರ ಪಾಡಿಗೆ ಬಿಟ್ಟುಬಿಡುತ್ತೇವೆ.

ಇಲ್ಲಿ ನಾನು ಪರಿಶೀಲಿಸಲು ಹೊರಟಿರುವುದು ಅಂಥ ಒಂದು ಸಾಧನವನ್ನು ಮತ್ತು ಅದನ್ನು ಕಲಿಸುವ ಒಂದು ಚಿಕ್ಕ ಪಠ್ಯವನ್ನು. ಸಾಧನದ ಹೆಸರು ‘ವೀಐ’; ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಅದರ ಮುಂದಿನ ರೂಪವಾದ ‘ವಿಮ್’. ಇದೊಂದು ಟೆಕ್ಸ್ಟ್ ಎಡಿಟರ್. ಟರ್ಮಿನಲ್ ಎಂಬ, ಚಿತ್ರಗಳಿಲ್ಲದೆ ಅಕ್ಷರಗಳು ಮಾತ್ರ ಸಾಲುಸಾಲಾಗಿ ಮೂಡುವ ಪರದೆಯಲ್ಲಿ ಇದು ಕೆಲಸ ಮಾಡುತ್ತದೆ. ಮೌಸ್ ಬೇಕಿಲ್ಲ, ಮೆನು ಇಲ್ಲ. ಎಲ್ಲವನ್ನೂ ಕೀಲಿಮಣೆಯ ಆಜ್ಞೆಗಳಿಂದಲೇ ಮಾಡಬೇಕು. ಮೊದಲ ಸಲ ಇದರೊಳಗೆ ಹೋದವರಿಗೆ ಹೊರಗೆ ಬರುವ ದಾರಿ ತಿಳಿಯದೆಂಬ ಹಾಸ್ಯ ಸಾಫ್ಟ್‌ವೇರ್ ವಲಯದಲ್ಲಿ ಹಳೆಯದು. ಹಾಸ್ಯದಲ್ಲಿ ನಿಜಾಂಶವಿದೆ. ‘ಎಸ್ಕೇಪ್’ ಒತ್ತಿ, ಕೋಲನ್ ಹಾಕಿ, ‘ಕ್ಯೂ’ ಬರೆದು, ಎಂಟರ್ ಒತ್ತಿದರೆ ಹೊರಬರಬಹುದು. ಮಾಡಿದ ತಿದ್ದುಪಡಿಯನ್ನು ಉಳಿಸದೆ ಬಿಟ್ಟುಬರುವುದಾದರೆ ‘ಕ್ಯೂ’ದ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕು. ಇದನ್ನು ಊಹಿಸಿ ತಿಳಿಯುವುದು ಸಾಧ್ಯವಿಲ್ಲ, ಯಾರಾದರೂ ಹೇಳಿಕೊಡಬೇಕು.

ಇಷ್ಟು ಮಾತ್ರಕ್ಕೆ ಇದನ್ನು ಒಂದು ಹಳೆಯ ಯಂತ್ರದ ಹಟಮಾರಿತನವೆಂದು ತಳ್ಳಿಹಾಕುವವರು ಉಂಟು. ಇನ್ನು ಕೆಲವರು ಇದನ್ನೇ ಒಂದು ಪಂಥ ಮಾಡಿಕೊಂಡು, ಬಾರದವರನ್ನು ಕಂಡು ನಗುತ್ತಾರೆ. ಎರಡೂ ಕಡೆಯವರು ಇದನ್ನು ಆಜ್ಞೆಗಳ ಒಂದು ಪಟ್ಟಿ ಎಂದೇ ಭಾವಿಸಿದಂತೆ ಕಾಣುತ್ತದೆ. ನನ್ನ ವಾದ ಇಷ್ಟೆ: ಇದು ಪಟ್ಟಿಯಲ್ಲ, ವ್ಯಾಕರಣ. ವ್ಯಾಕರಣವೆಂದು ಕಲಿತರೆ ಇದು ಸುಲಭ, ಉಪಯುಕ್ತ. ಆದರೆ ವ್ಯಾಕರಣವಾದ್ದರಿಂದಲೇ ಇದು ಯಾವ ಭಾಷೆಯ ವ್ಯಾಕರಣ ಎಂಬ ಪ್ರಶ್ನೆಯನ್ನೂ ಕನ್ನಡದವರು ಕೇಳಬೇಕಾಗುತ್ತದೆ.

1

ಯಾವ ಕೃತಿಗೂ ಅದು ಹುಟ್ಟಿದ ಸಂದರ್ಭದ ಗುರುತು ಇರುವಂತೆ ಈ ಎಡಿಟರಿಗೂ ಇದೆ. ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಮೊಳೆಯುತ್ತಿದ್ದ ದಿನಗಳಲ್ಲಿ ಕೆನ್ ಥಾಂಪ್ಸನ್ ಬರೆದದ್ದು ‘ಎಡ್’ ಎಂಬ ಎಡಿಟರ್. ಆಗ ಪರದೆಯೇ ವಿರಳ. ಕಾಗದದ ಸುರುಳಿಯ ಮೇಲೆ ಟೈಪಾಗುವ ಯಂತ್ರವೇ ಟರ್ಮಿನಲ್. ಹಾಗಾಗಿ ‘ಎಡ್’ನಲ್ಲಿ ಕಡತ ಕಣ್ಣಿಗೆ ಕಾಣುವುದಿಲ್ಲ. ಇಂತಿಷ್ಟನೆಯ ಸಾಲಿನಲ್ಲಿ ಈ ಪದವನ್ನು ತೆಗೆದು ಆ ಪದ ಹಾಕು ಎಂದು ಬರೆದು ಹೇಳಬೇಕು. ಹೇಳಿದ್ದು ಅದಕ್ಕೆ ತಿಳಿಯದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮುದ್ರಿಸಿ ಸುಮ್ಮನಾಗುತ್ತಿತ್ತು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೊಲೂರಿಸ್ ಇದನ್ನು ಕಂಡು ‘ಎಮ್’ ಎಂಬ ಇನ್ನೊಂದನ್ನು ಮಾಡಿದರು. ಮರ್ತ್ಯರಿಗಾಗಿ ಮಾಡಿದ ಎಡಿಟರ್ ಎಂಬುದು ಆ ಹೆಸರಿನ ಅರ್ಥ. 1976ರ ಬೇಸಿಗೆಯಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ಅದನ್ನು ನೋಡಿದರು. ಆ ಎಳೆಯಿಂದ ಬೆಳೆದದ್ದು ‘ಎಕ್ಸ್’ ಎಂಬ ಸಾಲಿನ ಎಡಿಟರ್, ಅದರೊಳಗಿನಿಂದ ಹೊರಬಂದದ್ದು ಕಡತವನ್ನು ಪರದೆಯ ಮೇಲೆ ತೋರಿಸುವ ‘ವೀಐ’.

ಬಿಲ್ ಜಾಯ್ ಮನೆಯಲ್ಲಿ ಕೆಲಸ ಮಾಡುತ್ತಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್ಲಿನ ಮೇಲೆ, ದೂರವಾಣಿ ತಂತಿಗೆ ಜೋಡಿಸಿದ 300 ಬಾಡ್ ವೇಗದ ಮೋಡೆಮಿನ ಮೂಲಕ. 300 ಬಾಡ್ ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಪರದೆ ಪೂರ್ತಿ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಕಾಯಬೇಕು. ಇಂಥ ಸ್ಥಿತಿಯಲ್ಲಿ ಮಾತು ಚಿಕ್ಕದಾಗಿರಲೇಬೇಕು. ಆಜ್ಞೆಗಳು ಒಂದೊಂದೇ ಅಕ್ಷರವಾದದ್ದು ಗೂಢತೆಯ ಚಪಲದಿಂದಲ್ಲ, ಈ ಬಡತನದಿಂದ. ಎಡ, ಕೆಳಗೆ, ಮೇಲೆ, ಬಲ ಎಂದು ಚಲಿಸಲು ‘ಎಚ್’, ‘ಜೆ’, ‘ಕೆ’, ‘ಎಲ್’ ಕೀಲಿಗಳನ್ನು ಬಳಸುವುದು ಹೊಸಬರಿಗೆ ವಿಚಿತ್ರವಾಗಿ ತೋರುತ್ತದೆ. ಆ ಟರ್ಮಿನಲ್ಲಿನಲ್ಲಿ ಬಾಣದ ಗುರುತು ಮುದ್ರಿತವಾಗಿದ್ದದ್ದೇ ಆ ನಾಲ್ಕು ಕೀಲಿಗಳ ಮೇಲೆ. ಎಸ್ಕೇಪ್ ಕೀಲಿ ಈಗ ಮೂಲೆಯಲ್ಲಿದೆ, ಕಿರುಬೆರಳು ಅಷ್ಟು ದೂರ ಚಾಚಬೇಕು. ಆಗ ಅದು ಇಂದಿನ ಟ್ಯಾಬ್ ಕೀಲಿಯ ಜಾಗದಲ್ಲಿತ್ತು. ಯಂತ್ರ ಹೋಯಿತು, ಅದು ಬೆರಳುಗಳಿಗೆ ಕಲಿಸಿದ ಅಭ್ಯಾಸ ಉಳಿಯಿತು.

ಹೀಗೆ ಇದರಲ್ಲಿ ಪದರಗಳಿವೆ. ಕೋಲನ್ ಹಾಕಿ ಕೆಳಗಿನ ಸಾಲಿನಲ್ಲಿ ಬರೆಯುವ ಆಜ್ಞೆಗಳೆಲ್ಲ ‘ಎಡ್’ ಕಾಲದ ಹಳೆಯ ಪದರ. ಪರದೆಯ ಮೇಲೆ ನೇರವಾಗಿ ಒತ್ತುವವು ಅನಂತರದವು. ಹೊಸಗನ್ನಡದ ಮಾತಿನ ನಡುವೆ ಹಳಗನ್ನಡದ ರೂಪಗಳು ಕೂತಿರುವಂತೆ ಇವು ಒಂದರೊಳಗೊಂದು ಕೂತಿವೆ. ಕಲಿಯುವವನಿಗೆ ಈ ಇತಿಹಾಸ ಹೇಳದೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕೊಟ್ಟರೆ ಆತನಿಗೆ ಗೊಂದಲವಾಗುವುದು ಸಹಜ.

2

ಈಗ ವ್ಯಾಕರಣದ ಮಾತು. ಅಚ್ಚಿನ ಮನೆಯ ಒಡನಾಟ ಇದ್ದವರು ಕರಡಚ್ಚು ತಿದ್ದುವ ಗುರುತುಗಳನ್ನು ಬಲ್ಲರು. ತೆಗೆದುಹಾಕು, ಇಲ್ಲಿ ಸೇರಿಸು, ಹಿಂದುಮುಂದಾಗಿದೆ ಸರಿಪಡಿಸು, ಹೊಸ ಪ್ಯಾರಾ ಮಾಡು ಎಂದು ಅಂಚಿನಲ್ಲಿ ಬರೆಯುವ ಆ ಗುರುತುಗಳು ಬರವಣಿಗೆಯಲ್ಲ, ಬರವಣಿಗೆಯನ್ನು ಕುರಿತ ಆಜ್ಞೆಗಳು. ವೀಐ ಆಜ್ಞೆಗಳು ಈ ಜಾತಿಯವು. ಬೇರೆ ಎಡಿಟರುಗಳಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ. ಇಲ್ಲಿ ಹಾಗಲ್ಲ. ಕಡತ ತೆರೆದಾಗ ನಾವಿರುವುದು ತಿದ್ದುವ ಸ್ಥಿತಿಯಲ್ಲಿ. ಅಕ್ಷರ ಸೇರಿಸಬೇಕೆಂದರೆ ‘ಐ’ ಒತ್ತಿ ಬರೆಯುವ ಸ್ಥಿತಿಗೆ ಹೋಗಬೇಕು, ಮುಗಿದ ಕೂಡಲೇ ಎಸ್ಕೇಪ್ ಒತ್ತಿ ಹಿಂದಿರುಗಬೇಕು. ಎಂದರೆ ಬರೆಯುವುದು ನಡುವೆ ಬಂದುಹೋಗುವ ಕೆಲಸ, ತಿದ್ದುವುದೇ ನೆಲೆ ಎಂಬುದು ಈ ಸಾಧನದ ನಿಲುವು. ಒಂದು ಲೇಖನವನ್ನು ನಾಲ್ಕು ಸಲ ತಿದ್ದಿ ಬರೆಯುವ ಅಭ್ಯಾಸವಿದ್ದವರಿಗೆ ಈ ನಿಲುವು ಎಷ್ಟು ಸರಿ ಎಂದು ಬೇರೆ ಹೇಳಬೇಕಾಗಿಲ್ಲ.

ತಿದ್ದುವ ಸ್ಥಿತಿಯಲ್ಲಿ ಕೀಲಿಗಳು ಪದಗಳಾಗುತ್ತವೆ. ‘ಡಿ’ ಎಂದರೆ ಅಳಿಸು, ‘ಸಿ’ ಎಂದರೆ ಅಳಿಸಿ ಬೇರೆ ಬರೆ, ‘ವೈ’ ಎಂದರೆ ನಕಲು ತೆಗೆದಿಟ್ಟುಕೊ. ಇವು ಕ್ರಿಯಾಪದಗಳು. ‘ಡಬ್ಲ್ಯು’ ಮುಂದಿನ ಪದದ ಮೊದಲಿನವರೆಗೆ, ‘ಇ’ ಈ ಪದದ ಕೊನೆಯವರೆಗೆ, ಡಾಲರ್ ಚಿಹ್ನೆ ಸಾಲಿನ ಕೊನೆಯವರೆಗೆ, ಮುಚ್ಚುವ ದುಂಡು ಆವರಣ ಚಿಹ್ನೆ ಮುಂದಿನ ವಾಕ್ಯದವರೆಗೆ, ಮುಚ್ಚುವ ಪುಷ್ಪಾವರಣ ಪ್ಯಾರಾದ ಕೊನೆಯವರೆಗೆ. ಇವು ನಾಮಪದಗಳು ಎನ್ನಬಹುದು. ನಡುವೆ ಸಂಖ್ಯೆ ಬರಬಹುದು. ‘ಡಿ’, ‘3’, ‘ಡಬ್ಲ್ಯು’ ಎಂದರೆ ಮೂರು ಪದ ಅಳಿಸು. ಕ್ರಿಯಾಪದವನ್ನು ಎರಡು ಸಲ ಹೇಳಿದರೆ ಇಡೀ ಸಾಲು ಎಂದರ್ಥ: ‘ಡಿಡಿ’ ಸಾಲು ಅಳಿಸು, ‘ವೈವೈ’ ಸಾಲು ನಕಲಿಸು. ಮೂರು ಕ್ರಿಯಾಪದ, ಐದು ನಾಮಪದ ತಿಳಿದವನಿಗೆ ಹದಿನೈದು ವಾಕ್ಯಗಳು ತಾವಾಗಿ ತಿಳಿಯುತ್ತವೆ. ಇನ್ನೊಂದು ಕ್ರಿಯಾಪದ ಕಲಿತರೆ ಇಪ್ಪತ್ತಾಗುತ್ತವೆ. ಪಟ್ಟಿಯಲ್ಲಿ ಇಪ್ಪತ್ತು ಬೇರೆ ಬೇರೆ ಆಜ್ಞೆಗಳಾಗಿ ಕಂಠಪಾಠ ಮಾಡಬೇಕಾದದ್ದು ವ್ಯಾಕರಣದಲ್ಲಿ ಒಂಬತ್ತು ಪದಗಳಲ್ಲಿ ಮುಗಿಯುತ್ತದೆ.

ಇದಕ್ಕೆ ಸೇರಿದ ಒಂದು ಸಣ್ಣ ಆಜ್ಞೆ ನನ್ನ ದೃಷ್ಟಿಯಲ್ಲಿ ಈ ಸಾಧನದ ಅತ್ಯುತ್ತಮ ಕಲ್ಪನೆ. ಅದು ಚುಕ್ಕೆ. ಚುಕ್ಕೆ ಒತ್ತಿದರೆ ಹಿಂದಿನ ತಿದ್ದುಪಡಿ ಈಗಿರುವ ಜಾಗದಲ್ಲಿ ಮತ್ತೊಮ್ಮೆ ನಡೆಯುತ್ತದೆ. ಪುಸ್ತಕವೊಂದರಲ್ಲಿ ‘ಕರ’ ಎಂಬ ಮಾತನ್ನು ‘ತೆರಿಗೆ’ ಎಂದು ಬದಲಿಸಬೇಕಾಗಿದೆ ಎನ್ನಿ. ಎಲ್ಲ ಕಡೆ ಬದಲಿಸು ಎಂದು ಕಣ್ಣುಮುಚ್ಚಿ ಆಜ್ಞೆ ಕೊಟ್ಟರೆ ಕರಡು ‘ತೆರಿಗೆಡು’ ಆಗುತ್ತದೆ, ಶಂಕರ ‘ಶಂತೆರಿಗೆ’ ಆಗುತ್ತಾನೆ. ವೀಐ ಬಲ್ಲವನು ಮೊದಲ ‘ಕರ’ವನ್ನು ತಿದ್ದುತ್ತಾನೆ. ಆಮೇಲೆ ‘ಎನ್’ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ. ನೋಡುತ್ತಾನೆ. ಬದಲಾಗಬೇಕಾದದ್ದಾದರೆ ಚುಕ್ಕೆ, ಅಲ್ಲದಿದ್ದರೆ ಮತ್ತೆ ‘ಎನ್’. ಬೇಸರದ ಕೆಲಸ ಯಂತ್ರದ್ದು, ತೀರ್ಮಾನ ಮನುಷ್ಯನದು. ಸಂಪಾದನೆಯ ವಿವೇಕವನ್ನು ಇಷ್ಟು ಗೌರವಿಸುವ ಸೌಲಭ್ಯ ಮೆನುಗಳಿಂದ ತುಂಬಿದ ದೊಡ್ಡ ತಂತ್ರಾಂಶಗಳಲ್ಲಿ ವಿರಳ.

3

ಈ ವ್ಯಾಕರಣವನ್ನು ಕಲಿಸುವ ಪ್ರಸಿದ್ಧ ಪಠ್ಯ ‘ವಿಮ್‌ಟ್ಯೂಟರ್’. ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನ ಮೈಕೆಲ್ ಪಿಯರ್ಸ್ ಮತ್ತು ರಾಬರ್ಟ್ ವೇರ್ ಇದನ್ನು ಬರೆದವರು, ವಿಮ್‌ಗೆ ಹೊಂದಿಸಿದವರು ಬ್ರಾಮ್ ಮೊಲೆನಾರ್. ಅರ್ಧ ಗಂಟೆಯಲ್ಲಿ ಮುಗಿಯುವಂತೆ ಏಳು ಪಾಠಗಳಿವೆ. ಇದರ ಹೊಸತನ ರೂಪದಲ್ಲಿದೆ. ಪಠ್ಯವೇ ಒಂದು ಕಡತ, ವಿಮ್‌ನಲ್ಲೇ ತೆರೆದುಕೊಳ್ಳುತ್ತದೆ, ಕಲಿಯುವವನು ಓದುತ್ತಾ ಆ ಪಠ್ಯವನ್ನೇ ತಿದ್ದಬೇಕು. ಮೂಲ ಕೆಡದಂತೆ ತೆರೆಯುವಾಗಲೇ ಒಂದು ಪ್ರತಿ ಮಾಡಿಕೊಳ್ಳುತ್ತದೆ. ಬರಿದೆ ಓದಿದರೆ ಮರೆತುಹೋಗುತ್ತದೆ, ಮಾಡಿಯೇ ಕಲಿಯಬೇಕು ಎಂದು ಅದು ಆರಂಭದಲ್ಲೇ ಎಚ್ಚರಿಸುತ್ತದೆ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಹಳೆಯ ಮಠದ ಕ್ರಮಕ್ಕೂ ಇದಕ್ಕೂ ಒಳಗಿನ ನಂಟು ಇದೆ. ಎರಡರಲ್ಲೂ ಅರಿವು ಬೆರಳಿನಿಂದ ತಲೆಗೆ ಹತ್ತುತ್ತದೆ.

ಅಭ್ಯಾಸಗಳ ಆಯ್ಕೆಯಲ್ಲೂ ಜಾಣತನವಿದೆ. ಮೊದಲ ಪಾಠದಲ್ಲಿ ಹಸು ಚಂದ್ರನ ಮೇಲೆ ಜಿಗಿದ ಶಿಶುಪ್ರಾಸದ ಸಾಲೊಂದನ್ನು ಅಕ್ಷರಗಳು ಇಮ್ಮಡಿಯಾದ ರೂಪದಲ್ಲಿ ಕೊಟ್ಟು, ಹೆಚ್ಚಿನವನ್ನು ‘ಎಕ್ಸ್’ ಒತ್ತಿ ತೆಗೆಯಲು ಹೇಳುತ್ತಾರೆ. ಎರಡನೆಯ ಪಾಠದಲ್ಲಿ ಒಂದು ಜನಪ್ರಿಯ ಪ್ರೇಮಪದ್ಯದ ನಡುವೆ ಅದಕ್ಕೆ ಸೇರದ ಮೂರು ಸಾಲುಗಳನ್ನು ತೂರಿಸಿದ್ದಾರೆ. ‘ಡಿಡಿ’ಯಿಂದ ಅವನ್ನು ಅಳಿಸಬೇಕು. ನಮ್ಮ ಗ್ರಂಥಸಂಪಾದಕರ ಭಾಷೆಯಲ್ಲಿ ಹೇಳುವುದಾದರೆ ಪ್ರಕ್ಷಿಪ್ತಗಳನ್ನು ತೆಗೆದು ಶುದ್ಧಪಾಠವನ್ನು ನಿಲ್ಲಿಸಬೇಕು. ಕಲಿಯುವವನಿಗೆ ಸರಿಯಾದ ಪಾಠ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಕೈಯ ಮೇಲೆ ಇರುತ್ತದೆ. ಒಳ್ಳೆಯ ಉಪಾಧ್ಯಾಯರು ಹೀಗೆಯೇ ಒಂದು ಸಲಕ್ಕೆ ಒಂದೇ ಕಷ್ಟವನ್ನು ಮುಂದಿಡುತ್ತಾರೆ.

ಕ್ರಿಯಾಪದ ಮತ್ತು ಚಲನೆ ಸೇರಿ ಆಜ್ಞೆಯಾಗುತ್ತದೆ ಎಂಬ ಸೂತ್ರವನ್ನೂ ಎರಡನೆಯ ಪಾಠದಲ್ಲೇ ಹೇಳಿದ್ದಾರೆ. ಮೂರನೆಯದರಲ್ಲಿ ‘ಸಿ’ ಬಂದಾಗ ಅದೂ ‘ಡಿ’ಯಂತೆಯೇ ಎಂದು ನೆನಪಿಸುತ್ತಾರೆ. ಇಷ್ಟರಮಟ್ಟಿಗೆ ಪಠ್ಯ ವ್ಯಾಕರಣಕ್ಕೆ ನಿಷ್ಠವಾಗಿದೆ. ನನ್ನ ಆಕ್ಷೇಪ ಅನಂತರದ್ದು. ಕ್ರಿಯಾಪದ ಸಿಕ್ಕಿದ ಮೇಲೆ ನಾಮಪದಗಳ ಜಗತ್ತು ವಿಸ್ತರಿಸಬೇಕಿತ್ತು. ಈ ಏಳು ಪಾಠಗಳಲ್ಲಿ ಪದ ಇದೆ, ಸಾಲು ಇದೆ, ಜೋಡಿ ಆವರಣ ಚಿಹ್ನೆಗಳ ನಡುವೆ ನೆಗೆಯುವುದಿದೆ. ವಾಕ್ಯ ಇಲ್ಲ, ಪ್ಯಾರಾ ಇಲ್ಲ. ಉದ್ಧರಣ ಚಿಹ್ನೆಗಳ ಒಳಗಿನದು, ಆವರಣದ ಒಳಗಿನದು ಎಂದು ಹೇಳಬಲ್ಲ ವಿಮ್‌ನ ಸೊಗಸಾದ ನಾಮಪದಗಳೂ ಇಲ್ಲ. ಚುಕ್ಕೆಯಂತೂ ಇಲ್ಲವೇ ಇಲ್ಲ. ಅದರ ಬದಲು ಹೊರಗಿನ ಆಜ್ಞೆಗಳನ್ನು ನಡೆಸುವುದು, ಕಡತವನ್ನು ಇನ್ನೊಂದರೊಳಗೆ ಸೇರಿಸುವುದು ಮುಂತಾದವು ಬರುತ್ತವೆ. ಇದರಿಂದ ಎರಡು ಪರಿಣಾಮಗಳಾಗಿವೆ. ಐದನೆಯ ಪಾಠದ ಹೊತ್ತಿಗೆ ವ್ಯಾಕರಣ ಹಿಂದೆ ಸರಿದು ಪಟ್ಟಿ ಮುಂದೆ ಬರುತ್ತದೆ. ಜೊತೆಗೆ, ಇದು ಪ್ರೋಗ್ರಾಮ್ ಬರೆಯುವವರ ಸಾಧನ, ಗದ್ಯ ಬರೆಯುವವರಿಗಲ್ಲ ಎಂಬ ಭಾವನೆ ಕಲಿಯುವವನಲ್ಲಿ ಬೇರೂರುತ್ತದೆ. ವಾಕ್ಯ ಮತ್ತು ಪ್ಯಾರಾಗಳನ್ನು ಬಲ್ಲ ಸಾಧನದ ಮೇಲೆ ಅದರ ಪಠ್ಯವೇ ಹೊರಿಸಿದ ಅಪವಾದ ಇದು.

4

ಈ ಸಾಧನದ ಮೂಲ ಕಲ್ಪನೆಗೇ ವಿರೋಧವಾದ ಒಂದು ಗಟ್ಟಿಯಾದ ವಾದವಿದೆ. ಅದನ್ನು ಎದುರಿಸದೆ ಹೊಗಳುವುದು ಸರಿಯಲ್ಲ. ಬಿಲ್ ಜಾಯ್ ಬರ್ಕ್ಲಿಯಲ್ಲಿ ಕೆಲಸ ಮಾಡುತ್ತಿದ್ದ ಅದೇ ದಶಕದಲ್ಲಿ, ಅದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಪಾಲೋ ಆಲ್ಟೋದಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಲ್ಯಾರಿ ಟೆಸ್ಲರ್ ಎಂಬುವರು ಟಿಮ್ ಮಾಟ್ ಜೊತೆಗೂಡಿ ‘ಜಿಪ್ಸಿ’ ಎಂಬ ಎಡಿಟರನ್ನು ರೂಪಿಸಿದರು. ಇಂದು ಎಲ್ಲರೂ ಬಳಸುವ ಕತ್ತರಿಸು, ನಕಲಿಸು, ಅಂಟಿಸು ಎಂಬ ಕ್ರಮ ನೆಲೆಗೊಂಡದ್ದು ಅಲ್ಲಿ. ಒಂದೇ ಕೀಲಿ ಒಂದು ಸ್ಥಿತಿಯಲ್ಲಿ ಒಂದರ್ಥ, ಇನ್ನೊಂದರಲ್ಲಿ ಬೇರೊಂದರ್ಥ ಕೊಡುವುದು ಮನುಷ್ಯನಿಗೆ ಮಾಡುವ ಅನ್ಯಾಯ ಎಂಬುದು ಟೆಸ್ಲರ್ ಅವರ ದೃಢವಾದ ನಂಬಿಕೆ. ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲಿಯೂ ‘ನೋಮೋಡ್ಸ್’, ಎಂದರೆ ಸ್ಥಿತಿಭೇದ ಬೇಡ, ಎಂದು ಬರೆಸಿಕೊಂಡಿದ್ದರು. ಅವರು 2020ರಲ್ಲಿ ತೀರಿಕೊಂಡರು.

ಅದೇ ಕೇಂದ್ರದ ‘ಬ್ರಾವೋ’ ಎಂಬ, ಸ್ಥಿತಿಭೇದವಿದ್ದ ಎಡಿಟರಿನ ಬಗೆಗೆ ಒಂದು ಕಥೆ ಪ್ರಸಿದ್ಧವಾಗಿದೆ. ಯಾರೋ ಬರೆಯುವ ಸ್ಥಿತಿಯಲ್ಲಿದ್ದೇನೆಂದು ತಿಳಿದು ‘ಎಡಿಟ್’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದವನ್ನು ಒತ್ತಿದರಂತೆ. ‘ಇ’ ಎಂದರೆ ಎಲ್ಲವನ್ನೂ ಆರಿಸು, ‘ಡಿ’ ಎಂದರೆ ಅಳಿಸು, ‘ಐ’ ಎಂದರೆ ಸೇರಿಸು, ಉಳಿದದ್ದು ‘ಟಿ’. ಇಡೀ ದಾಖಲೆ ಹೋಗಿ ‘ಟಿ’ ಎಂಬ ಒಂದಕ್ಷರ ಉಳಿಯಿತು. ಮೂಲ ವೀಐಯಲ್ಲಿ ರದ್ದುಪಡಿಸುವ ‘ಯು’ ಆಜ್ಞೆ ಒಂದೇ ಹೆಜ್ಜೆ ಹಿಂದೆ ಹೋಗುತ್ತಿತ್ತು; ವಿಮ್‌ನಲ್ಲಿ ಎಷ್ಟು ಹೆಜ್ಜೆಯಾದರೂ ಹೋಗಬಹುದು. ಅಪಾಯ ಈಗ ಕಡಿಮೆ, ಆದರೆ ವಾದ ಸತ್ತಿಲ್ಲ. ವಾರಕ್ಕೊಂದು ಪತ್ರ ಬರೆಯುವವರಿಗೆ ಟೆಸ್ಲರ್ ಹೇಳಿದ್ದೇ ಸರಿ. ಅವರಿಗೆ ವೀಐ ಕಲಿಯಿರೆಂದು ಒತ್ತಾಯಿಸುವುದು ದಡ್ಡತನ.

ದಿನವೂ ಬರಹವನ್ನು ತಿದ್ದುವವರ ಮಾತು ಬೇರೆ. ಅಂಥವರಿಗೆ ಸಾಧನವು ಮೊದಲ ದಿನ ಎಷ್ಟು ಸುಲಭ ಎಂಬುದಕ್ಕಿಂತ ಹತ್ತನೆಯ ವರ್ಷ ಎಷ್ಟು ಕೈಗೆ ಒಗ್ಗಿದೆ ಎಂಬುದು ಮುಖ್ಯ. ಸಂಗೀತ ಕಲಿಯುವವರು ಸರಳೆ ಜಂಟಿವರಸೆಗಳನ್ನು ತಿಂಗಳುಗಟ್ಟಲೆ ಸಾಧನೆ ಮಾಡುವುದನ್ನು ಯಾರೂ ವಾದ್ಯದ ದೋಷವೆಂದು ಎಣಿಸುವುದಿಲ್ಲ. ಆದ್ದರಿಂದ ಈ ಎರಡು ಎಡಿಟರುಗಳ ಜಗಳ ಸರಿ ತಪ್ಪಿನದಲ್ಲ, ಯಾರಿಗಾಗಿ ಎಂಬುದರದು. ಕೊಲೂರಿಸ್ ತಮ್ಮ ಎಡಿಟರಿಗೆ ಮರ್ತ್ಯರ ಹೆಸರಿಟ್ಟಾಗ ಕೇಳಿದ್ದೂ ಇದೇ ಪ್ರಶ್ನೆಯನ್ನು.

5

ಇಷ್ಟು ಹೇಳಿದ ಮೇಲೆ ಕನ್ನಡಕ್ಕೆ ಬರಬೇಕು. ನಾನು ಇದನ್ನು ಕನ್ನಡ ಬರಹಗಳನ್ನು ತಿದ್ದುವುದಕ್ಕೂ ಬಳಸುವವನು. ಇಲ್ಲಿ ಹೇಳುವುದು ಆ ಬಳಕೆಯಿಂದ ಕಂಡದ್ದು.

ಮೊದಲನೆಯ ತೊಡಕು ಹೊರಗಿನದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಡಿ’ ಕೀಲಿಯ ಮೇಲೆ ದಕಾರ, ‘ಡಬ್ಲ್ಯು’ ಕೀಲಿಯ ಮೇಲೆ ಡಕಾರ ಇವೆ. ಕನ್ನಡ ಕೀಲಿಮಣೆಯನ್ನು ಚಾಲೂ ಇಟ್ಟುಕೊಂಡು ಪದ ಅಳಿಸಲು ಹೋದರೆ ಎಡಿಟರಿಗೆ ಕೇಳಿಸುವುದು ‘ದಡ’. ಅದಕ್ಕೆ ಈ ಮಾತು ಅರ್ಥವಾಗುವುದಿಲ್ಲ. ಬರೆಯುವಾಗ ಕನ್ನಡ, ತಿದ್ದುವಾಗ ಇಂಗ್ಲಿಷ್ ಎಂದು ಪ್ರತಿ ಸಲ ಕೀಲಿಮಣೆ ಬದಲಿಸುತ್ತಿದ್ದರೆ ಬೆರಳಿನ ಓಟವೇ ಕೆಡುತ್ತದೆ. ಇದಕ್ಕೆ ವಿಮ್‌ನಲ್ಲಿ ಪರಿಹಾರವಿದೆ. ಅದರ ‘ಕೀಮ್ಯಾಪ್’ ಎಂಬ ಏರ್ಪಾಟಿನಲ್ಲಿ ಕನ್ನಡದ ನಕ್ಷೆಯನ್ನು ಕೊಟ್ಟುಕೊಂಡರೆ ಕೀಲಿಗಳು ಬರೆಯುವ ಸ್ಥಿತಿಯಲ್ಲಿ ಮಾತ್ರ ಕನ್ನಡವಾಗುತ್ತವೆ, ಎಸ್ಕೇಪ್ ಒತ್ತಿದ ಕೂಡಲೇ ಆಜ್ಞೆಗಳಾಗುತ್ತವೆ. ಸ್ಥಿತಿಭೇದ ಇಲ್ಲಿ ಕನ್ನಡಿಗನಿಗೆ ಅನಿರೀಕ್ಷಿತವಾದ ಉಪಕಾರ ಮಾಡುತ್ತದೆ. ಟೆಸ್ಲರ್ ಅವರ ವಾದದಲ್ಲಿ ಎರಡು ಲಿಪಿಗಳ ನಡುವೆ ಬದುಕುವವರ ವಿಚಾರ ಬಂದಿರಲಿಲ್ಲ.

ಎರಡನೆಯ ತೊಡಕು ಒಳಗಿನದು, ನಾಮಪದಗಳದು. ‘ಎಕ್ಸ್’ ಒಂದು ಅಕ್ಷರ ಅಳಿಸುತ್ತದೆ ಎಂದು ಪಾಠ ಹೇಳುತ್ತದೆ. ಯಾವುದು ಅಕ್ಷರ? ‘ಸ್ತ್ರೀ’ ನಮಗೆ ಒಂದಕ್ಷರ. ಯುನಿಕೋಡ್ ಲೆಕ್ಕದಲ್ಲಿ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ವಿಮ್ ಇದರ ನಡುವಿನ ಒಂದು ದಾರಿ ಹಿಡಿಯುತ್ತದೆ. ಸ್ವರಚಿಹ್ನೆಯನ್ನೂ ವಿರಾಮವನ್ನೂ ಅದರ ಹಿಂದಿನ ವ್ಯಂಜನಕ್ಕೆ ಸೇರಿಸಿ ಎಣಿಸುತ್ತದೆ, ಒತ್ತಕ್ಷರವನ್ನು ಮಾತ್ರ ಬೇರೆಯೆಂದು ತಿಳಿಯುತ್ತದೆ. ‘ಪದ್ಯ’ದ ಎರಡನೆಯ ಅಕ್ಷರದ ಮೇಲೆ ‘ಎಕ್ಸ್’ ಒತ್ತಿದರೆ ಉಳಿಯುವುದು ‘ಪ’ ಅಲ್ಲ, ‘ಪಯ’. ಕೆಳಗೆ ಒತ್ತಾಗಿ ಕೂತಿದ್ದದ್ದು ಮೇಲೆದ್ದು ಸ್ವತಂತ್ರ ಅಕ್ಷರವಾಗುತ್ತದೆ. ‘ಸೂರ್ಯ’ದಂಥ ಮಾತಿನಲ್ಲಿ ಕಡತದೊಳಗೆ ರಕಾರ ಮೊದಲು, ಯಕಾರ ಆಮೇಲೆ, ಬರಹದಲ್ಲಿ ಅರ್ಕಾವೊತ್ತು ಹಿಂದೆ ಬರುತ್ತದೆ. ಕಣ್ಣಿನ ಕ್ರಮ ಒಂದು, ಕರ್ಸರಿನ ಕ್ರಮ ಇನ್ನೊಂದು. ಟರ್ಮಿನಲ್ ಎಂಬುದೇ ಸಮಾನ ಅಗಲದ ಚೌಕಗಳ ಹಲಗೆಯಾದ್ದರಿಂದ ಬಹಳಷ್ಟು ಟರ್ಮಿನಲ್ಲುಗಳಲ್ಲಿ ನಮ್ಮ ಒತ್ತುಗಳು ಚೆದುರಿ ಬೀಳುತ್ತವೆ. 80 ಚೌಕಗಳ ಸಾಲು ಒಂದು ಚೌಕಕ್ಕೆ ಒಂದು ಅಕ್ಷರವೆಂಬ ಲಿಪಿಗೆ ಹೊಂದಿದ ಅಳತೆ. ನಮ್ಮ ಗುಣಿತಾಕ್ಷರಗಳೂ ಸಂಯುಕ್ತಾಕ್ಷರಗಳೂ ಆ ಅಳತೆಗೆ ಒಗ್ಗುವಂಥವಲ್ಲ.

‘ಪದ’ದ ಕಥೆಯೂ ಹೀಗೆಯೇ. ಎರಡು ಖಾಲಿ ಜಾಗಗಳ ನಡುವಿನದು ಪದ ಎಂಬ ಅಳತೆಗೆ ‘ಬರಬೇಕಾಗಿತ್ತಲ್ಲವೇ’ ಒಂದೇ ಪದ. ಇಂಗ್ಲಿಷಿನವನು ನಾಲ್ಕಾರು ಸಲ ‘ಡಬ್ಲ್ಯು’ ಒತ್ತಿ ದಾಟುವ ಅರ್ಥವನ್ನು ನಾವು ಒಂದೇ ನೆಗೆತಕ್ಕೆ ದಾಟುತ್ತೇವೆ. ದಾಟುವಾಗ ಇದು ಲಾಭ, ತಿದ್ದುವಾಗ ನಷ್ಟ. ಕನ್ನಡದಲ್ಲಿ ತಿದ್ದುಪಡಿ ಹೆಚ್ಚಾಗಿ ಬೀಳುವುದು ಪದದ ಬಾಲದಲ್ಲಿ. ‘ಊರಿನಲ್ಲಿ’ ಎಂಬುದನ್ನು ‘ಊರಿನಿಂದ’ ಮಾಡಬೇಕು, ‘ಹೇಳಿದನು’ ಎಂಬುದನ್ನು ‘ಹೇಳಿದರು’ ಮಾಡಬೇಕು. ಪ್ರತ್ಯಯ ಎಂಬ ನಾಮಪದ ಈ ವ್ಯಾಕರಣದಲ್ಲಿ ಇಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಇಂಥ ಅಕ್ಷರದವರೆಗೆ ಹೋಗು ಎನ್ನುವ ‘ಎಫ್’ ಮತ್ತು ‘ಟಿ’ ಚಲನೆಗಳು ಕನ್ನಡ ಅಕ್ಷರವನ್ನೂ ಸ್ವೀಕರಿಸುತ್ತವೆ. ಪದದ ನಡುವಿಗೆ ನೆಗೆದು ಅಲ್ಲಿಂದ ‘ಸಿ’, ‘ಇ’ ಎಂದರೆ ಬಾಲ ಮಾತ್ರ ಬದಲಾಗುತ್ತದೆ. ಇಂಗ್ಲಿಷ್ ಗದ್ಯಕ್ಕೆ ಅಷ್ಟೇನೂ ಬೇಕಿಲ್ಲದ ಈ ಎರಡು ಕೀಲಿಗಳು ಕನ್ನಡಕ್ಕೆ ಪ್ರಾಣ. ವಿಮ್‌ಟ್ಯೂಟರಿನ ಏಳು ಪಾಠಗಳಲ್ಲಿ ಇವೂ ಇಲ್ಲ ಎಂಬುದನ್ನು ಗಮನಿಸಬೇಕು. ವಾಕ್ಯದ ಮಟ್ಟಿಗೆ ನಮಗೆ ತೊಂದರೆ ಕಡಿಮೆ. ಪೂರ್ಣವಿರಾಮದ ಚುಕ್ಕೆ ನಮ್ಮಲ್ಲೂ ನೆಲೆಯಾಗಿದೆ. ಹಳೆಯ ಪದ್ಯಗಳ ದಂಡವನ್ನು ಮಾತ್ರ ಅದು ವಾಕ್ಯಾಂತ್ಯವೆಂದು ಅರಿಯದು.

ಮೂರನೆಯದು ಅನ್ವಯದ ಪ್ರಶ್ನೆ. ‘ಅಳಿಸು, ಪದ’ ಎಂಬುದು ಇಂಗ್ಲಿಷಿನ ವಾಕ್ಯಕ್ರಮ. ನಾವು ‘ಪದವನ್ನು ಅಳಿಸು’ ಎನ್ನುತ್ತೇವೆ. ಕರ್ಮ ಮೊದಲು, ಕ್ರಿಯೆ ಕೊನೆಗೆ. ಈ ವ್ಯತ್ಯಾಸ ಬರಿಯ ವ್ಯಾಕರಣದ ಕುತೂಹಲವಲ್ಲ. ಯಾವುದನ್ನು ಎಂಬುದು ಕಣ್ಣಿಗೆ ಕಂಡ ಮೇಲೆ ಏನು ಮಾಡಬೇಕೆಂದು ಹೇಳುವುದು ಹೆಚ್ಚು ಕ್ಷೇಮ ಎಂದು ವೀಐ ಪರಂಪರೆಯ ಒಳಗಿನವರಿಗೇ ತೋರಿದೆ. ಮ್ಯಾಕ್ಸಿಮ್ ಕೋಸ್ಟ್ 2011ರಲ್ಲಿ ಆರಂಭಿಸಿದ ‘ಕಾಕೂನ್’, 2021ರಲ್ಲಿ ಹೊರಬಂದ ‘ಹೀಲಿಕ್ಸ್’ ಎಂಬ ಎಡಿಟರುಗಳು ಈ ಕ್ರಮವನ್ನು ತಿರುಗಿಸಿವೆ. ಅವುಗಳಲ್ಲಿ ಮೊದಲು ಪದವನ್ನು ಆರಿಸಬೇಕು, ಆಮೇಲೆ ಕ್ರಿಯೆ. ವಿಮ್‌ನಲ್ಲೂ ‘ವಿ’ ಒತ್ತಿ ಭಾಗವನ್ನು ಗುರುತುಮಾಡಿಕೊಂಡು ಅನಂತರ ‘ಡಿ’ ಒತ್ತಬಹುದು. ಆ ಎಡಿಟರುಗಳನ್ನು ಮಾಡಿದವರು ಕನ್ನಡವನ್ನಾಗಲಿ ಕರ್ಮಪೂರ್ವಕವಾದ ಇನ್ನೊಂದು ಭಾಷೆಯನ್ನಾಗಲಿ ನೆನೆದು ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಸಾರ್ವತ್ರಿಕವೆಂದು ತೋರುವ ಸಾಧನಗಳಲ್ಲಿ ಅವು ಹುಟ್ಟಿದ ಭಾಷೆಯ ಅನ್ವಯ ಅಡಗಿರುತ್ತದೆ, ಅದನ್ನು ಬದಲಾಯಿಸಲೂ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

6

ಇಷ್ಟೆಲ್ಲ ತೊಡಕಿದ್ದ ಮೇಲೆ ಕನ್ನಡದವರು ಇದನ್ನೇಕೆ ಕಲಿಯಬೇಕು? ನನ್ನ ಉತ್ತರ ಎರಡು ಅಂಶಗಳದ್ದು.

ಒಂದು, ಇದು ಯಾರ ಕೃಪೆಯನ್ನೂ ಕೇಳುವುದಿಲ್ಲ. ಇದು ಬರೆಯುವ ಕಡತ ಬರಿಯ ಅಕ್ಷರಗಳ ಕಡತ, ಅದನ್ನು ಯಾವ ಯಂತ್ರದಲ್ಲೂ ತೆರೆಯಬಹುದು. 1990ರ ದಶಕದಲ್ಲಿ ಕನ್ನಡ ಪುಸ್ತಕಗಳನ್ನು ಒಂದೊಂದು ತಂತ್ರಾಂಶದ ಒಂದೊಂದು ಫಾಂಟಿನ ಸಂಕೇತದಲ್ಲಿ ಕೂಡಿಸಿದ್ದರು. ಅಂಥ ಕಡತಗಳನ್ನು ಇಂದು ಓದಬೇಕಾದರೆ ಯುನಿಕೋಡಿಗೆ ಪರಿವರ್ತಿಸುವ ಉಪಕರಣ ಹುಡುಕಬೇಕು, ಪರಿವರ್ತಿಸಿದ ಮೇಲೆ ಮತ್ತೆ ಕರಡು ನೋಡಬೇಕು. ಸಾಧನದ ಒಡೆತನ ಬೇರೆಯವರದಾದಾಗ ಪಠ್ಯದ ಆಯುಷ್ಯವೂ ಅವರದಾಗುತ್ತದೆ. ವಿಮ್ ಹಾಗಲ್ಲ. ನೆದರ್ಲೆಂಡ್ಸಿನ ಬ್ರಾಮ್ ಮೊಲೆನಾರ್ 1988ರಲ್ಲಿ ಅಮಿಗಾ ಕಂಪ್ಯೂಟರಿನ ಮೇಲೆ ಆರಂಭಿಸಿ, 1991ರಲ್ಲಿ ಹೊರತಂದು, 2023ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೆ ಅದನ್ನು ನೋಡಿಕೊಂಡರು. ಬಳಸುವವರಿಂದ ಹಣ ಕೇಳಲಿಲ್ಲ. ಕೊಡುವ ಮನಸ್ಸಿದ್ದರೆ ಉಗಾಂಡಾದ ಬಡ ಮಕ್ಕಳಿಗೆ ಕೊಡಿ ಎಂದು ತೆರೆಯುವ ಪುಟದಲ್ಲೇ ಕೇಳಿಕೊಂಡರು. ಅವರು ಹೋದ ಮೇಲೆ ಇತರರು 2024ರ ಜನವರಿಯಲ್ಲಿ ಹೊಸ ಆವೃತ್ತಿಯನ್ನು ತಂದು ಅವರಿಗೇ ಅರ್ಪಿಸಿದರು. ಒಬ್ಬ ವ್ಯಕ್ತಿಯ ಕೃತಿ ಆತನ ನಂತರವೂ ಸಾರ್ವಜನಿಕವಾಗಿ ಬೆಳೆಯುವ ಈ ಕ್ರಮ, ಪಠ್ಯಗಳನ್ನು ತಲೆಮಾರುಗಳವರೆಗೆ ಪ್ರತಿಮಾಡಿ ಉಳಿಸಿಕೊಂಡ ನಮಗೆ ಅಪರಿಚಿತವಲ್ಲ.

ಎರಡು, ಇದರ ನಾಮಪದಗಳು ನಮ್ಮವಲ್ಲದಿದ್ದರೂ ಇದರ ಕಲ್ಪನೆ ನಮಗೆ ಬೇಕಾದದ್ದು. ತಿದ್ದುವುದಕ್ಕೆ ಒಂದು ಭಾಷೆಯಿದೆ, ಅದನ್ನು ಕಲಿತವನು ಯಂತ್ರ ಕೊಟ್ಟ ಮೆನುವಿನಿಂದ ಆರಿಸುವವನಲ್ಲ, ತಾನೇ ವಾಕ್ಯ ರಚಿಸುವವನು ಎಂಬ ಕಲ್ಪನೆ ಅದು. ಇಲ್ಲಿನ ಕೊರತೆಗಳನ್ನು ತುಂಬುವ ಅವಕಾಶವನ್ನೂ ಸಾಧನ ಇಟ್ಟಿದೆ. ಹೊಸ ನಾಮಪದಗಳನ್ನು ಬಳಸುವವರೇ ಬರೆದು ಸೇರಿಸಿಕೊಳ್ಳಬಹುದು. ‘ಪ್ರತ್ಯಯ’ ಎಂಬ ನಾಮಪದವನ್ನು, ಒತ್ತು ಗುಣಿತಗಳೊಂದಿಗೆ ಇಡಿಯಾಗಿ ಹಿಡಿಯುವ ‘ಅಕ್ಷರ’ ಎಂಬ ನಾಮಪದವನ್ನು ವ್ಯಾಕರಣ ಬಲ್ಲವರೊಬ್ಬರು, ಪ್ರೋಗ್ರಾಮ್ ಬಲ್ಲವರೊಬ್ಬರು ಜೊತೆಗೆ ಕುಳಿತರೆ ಮಾಡಬಹುದು. ನಮ್ಮ ಊರುಗಳಲ್ಲಿ ಎರಡೂ ಬಗೆಯವರು ಇದ್ದಾರೆ, ಜೊತೆಗೆ ಕೂರುವುದು ಮಾತ್ರ ಅಪರೂಪ.

ಅದಕ್ಕೂ ಮೊದಲು ಬೇಕಾದದ್ದು ಒಂದು ಪಾಠ. ವಿಮ್‌ಟ್ಯೂಟರನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಲದು. ಅದರ ಅಭ್ಯಾಸಗಳು ಇಂಗ್ಲಿಷಿನ ತಪ್ಪುಗಳನ್ನು ತಿದ್ದಿಸುತ್ತವೆ. ಕನ್ನಡದಲ್ಲಿ ಆಗುವ ತಪ್ಪುಗಳೇ ಬೇರೆ. ಮೊದಲ ಪಾಠದಲ್ಲಿ ಅಕಾರ ಹಕಾರಗಳು ಅದಲುಬದಲಾದ ಸಾಲೊಂದಿರಲಿ, ‘ಆರ್’ ಒತ್ತಿ ಅಕ್ಷರ ಬದಲಿಸುವುದನ್ನು ಅದರಿಂದ ಕಲಿಯಬಹುದು. ಎರಡನೆಯದರಲ್ಲಿ ಹಿಂದುಮುಂದಾದ ಅಕ್ಷರಗಳಿರಲಿ. ‘ಮಕಲ’ದ ಮೊದಲ ಅಕ್ಷರದ ಮೇಲೆ ‘ಎಕ್ಸ್’, ‘ಪಿ’ ಒತ್ತಿದರೆ ‘ಕಮಲ’ವಾಗುವ ಚಮತ್ಕಾರ ಮಕ್ಕಳಿಗೂ ಇಷ್ಟವಾಗುತ್ತದೆ. ಮೂರನೆಯದರಲ್ಲಿ ವಿಭಕ್ತಿ ತಪ್ಪಿದ ವಾಕ್ಯಗಳು, ಜೊತೆಗೆ ‘ಎಫ್’ ಮತ್ತು ‘ಟಿ’. ನಾಲ್ಕನೆಯದರಲ್ಲಿ ಏಕವಚನವನ್ನು ಬಹುವಚನ ಮಾಡಬೇಕಾದ ಒಂದು ಪುಟ, ಅಲ್ಲಿ ಚುಕ್ಕೆ. ಐದನೆಯದರಲ್ಲಿ ವಾಕ್ಯ ಮತ್ತು ಪ್ಯಾರಾಗಳ ಜಾಗ ಬದಲಿಸುವುದು. ಇಷ್ಟಕ್ಕೆ ಒಂದು ಗಂಟೆ ಬೇಕಾದೀತು. ಇಂಥ ಐದು ಪಾಠಗಳನ್ನು ಯಾರಾದರೂ ಬರೆದರೆ ಕರಡು ತಿದ್ದುವವರಿಗೂ ಪತ್ರಿಕೆಯ ಮೇಜಿನವರಿಗೂ ಹಸ್ತಪ್ರತಿಗಳ ಪಾಠಾಂತರ ಗುರುತಿಸುವವರಿಗೂ ಅದು ಒಂದು ಕೈಪಿಡಿಯಾಗುತ್ತದೆ. ‘ಪದ್ಯ’ದ ಮೇಲೆ ‘ಎಕ್ಸ್’ ಒತ್ತಿದರೆ ಏನಾಗುತ್ತದೆಂಬುದನ್ನೂ ಅದು ಮುಚ್ಚಿಡದೆ ಹೇಳಬೇಕು, ತಿದ್ದುವವನು ತನ್ನ ಸಾಧನದ ಮಿತಿಯನ್ನು ಬಲ್ಲವನಾಗಿರಬೇಕು.